ಫೋರ್ಕ್ ಸೋಲುವುದಿಲ್ಲ ಎಂಬ ಭಂಡ ಧೈರ್ಯ

ಹೊಸ ಪ್ರೋಸೆಸ್ ಹುಟ್ಟಿಸಲು ಫೋರ್ಕ್ ಕರೆಯುವುದು, ಅದು ಕೊಟ್ಟ ಪ್ರೋಸೆಸ್ ಸಂಖ್ಯೆಯನ್ನು (ಪಿಐಡಿ) ಪರೀಕ್ಷಿಸದೆ ಇಟ್ಟುಕೊಳ್ಳುವುದು, ಕೆಲಸ ಮುಗಿದ ಮೇಲೆ ಕಿಲ್ ಕರೆದು ಅದೇ ಸಂಖ್ಯೆಗೆ ಸಿಗ್‌ಕಿಲ್ ಕಳಿಸುವುದು. ಇಂಥ ಕೋಡನ್ನು ಇವತ್ತಿಗೂ ಬರೆಯುತ್ತಿದ್ದಾರೆ, ರಿವ್ಯೂ ಮಾಡುವವರು ಕಂಡೂ ಕಾಣದಂತೆ ಬಿಡುತ್ತಿದ್ದಾರೆ. ಕೇಳಿದರೆ, ‘ಫೋರ್ಕ್ ಎಲ್ಲಾದರೂ ಫೇಲ್ ಆಗುತ್ತದೆಯೇ?’ ಎನ್ನುತ್ತಾರೆ.

ಆಗುತ್ತದೆ. ಬಳಕೆದಾರನ ಪ್ರೋಸೆಸ್ ಮಿತಿ ಮುಗಿದಾಗ, ಮೆಮೊರಿ ಸಾಲದಾದಾಗ, ಅಂದರೆ ಸರ್ವರ್ ಮೊದಲೇ ಏದುಸಿರು ಬಿಡುತ್ತಿರುವ ಹೊತ್ತಿನಲ್ಲೇ ಆಗುತ್ತದೆ. ಆಗ ಕೈಗೆ ಬರುವುದು -1. ಕಿಲ್‌ಗೆ -1 ಕೊಟ್ಟರೆ ಅದು ತಪ್ಪು ಸಂಖ್ಯೆಯೆಂದು ತಿರಸ್ಕರಿಸುವುದಿಲ್ಲ. ನಿನಗೆ ಅನುಮತಿ ಇರುವ ಎಲ್ಲ ಪ್ರೋಸೆಸ್‌ಗಳಿಗೂ ಕಳಿಸು ಎಂಬುದೇ ಅದರ ಅರ್ಥ. ಪೋಸಿಕ್ಸ್ ಬರೆದಿಟ್ಟ ನಿಯಮವಿದು.

ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕಿರುವುದು ಕೆಲವೇ ಸಾಲು. ಓದಿದವರೆಷ್ಟು ಮಂದಿ? ಕರ್ನಲ್ ಟಾಸ್ಕ್ ಪಟ್ಟಿಗೆ ಲಾಕ್ ಹಾಕಿ, ಒಂದೊಂದೇ ಪ್ರೋಸೆಸನ್ನು ನೋಡುತ್ತಾ ಹೋಗುತ್ತದೆ. 1ನೇ ನಂಬರಿನ ಇನಿಟ್ ಅನ್ನು ಮುಟ್ಟುವುದಿಲ್ಲ, ಕರೆದ ಪ್ರೋಸೆಸನ್ನೂ ಮುಟ್ಟುವುದಿಲ್ಲ. ಉಳಿದವಕ್ಕೆಲ್ಲ ಸಿಗ್ನಲ್. ಕರೆದದ್ದು ರೂಟ್ ಆಗಿದ್ದರೆ ಅನುಮತಿಯ ತಡೆಯೂ ಇಲ್ಲ: ಡೇಟಾಬೇಸ್ ಹೋಯಿತು, ಎಸ್‌ಎಸ್‌ಎಚ್ ಹೋಯಿತು, ಏನಾಯಿತೆಂದು ಬರೆದಿಡಬೇಕಾದ ಲಾಗ್ ಡೀಮನ್ನೂ ಹೋಯಿತು. ಕಿಲ್ ಸೊನ್ನೆ ಕೊಟ್ಟು ಯಶಸ್ಸು ಎನ್ನುತ್ತದೆ. ಇಷ್ಟಕ್ಕೆಲ್ಲ ಕಾರಣವಾದ ಪ್ರೋಗ್ರಾಂ ಮಾತ್ರ ಮುಂದಿನ ಸಾಲಿಗೆ ನಡೆಯುತ್ತದೆ.

ದಯವಿಟ್ಟು ಕರ್ನಲನ್ನು ದೂರಬೇಡಿ. ಯಂತ್ರ ಮುಚ್ಚಲು ಈ ಸೌಲಭ್ಯ ಬೇಕೇ ಬೇಕು. ಇನಿಟ್ ಆಗಿ ಓಡುವ ಸಿಸ್ಟಂಡಿ ಅದನ್ನು ಎಷ್ಟು ಎಚ್ಚರದಿಂದ ಬಳಸುತ್ತದೆ ನೋಡಿ: ಮೊದಲು -1ಕ್ಕೆ ಸಿಗ್‌ಸ್ಟಾಪ್ ಕಳಿಸಿ ಎಲ್ಲವನ್ನೂ ನಿಲ್ಲಿಸುತ್ತದೆ, ಆಮೇಲೆ ಒಂದೊಂದನ್ನೇ ಆರಿಸಿ ಸಿಗ್‌ಟರ್ಮ್ ಕೊಡುತ್ತದೆ, ಮುಗಿಸಿಕೊಳ್ಳಲು ಸಮಯ ಬಿಡುತ್ತದೆ. ಸಿಗ್‌ಕಿಲ್ ಬರುವುದು ಅದಾದ ಮೇಲೆ.

‘ನಮ್ಮದು ಕಂಟೇನರ್‌ನಲ್ಲಿ ಓಡುತ್ತದೆ’ ಎಂಬ ನೆಪವೂ ಬೇಡ. ಪಿಐಡಿ ನೇಮ್‌ಸ್ಪೇಸ್ ಪಕ್ಕದ ಕಂಟೇನರನ್ನು ಉಳಿಸುತ್ತದೆ, ನಿಜ. ನಿಮ್ಮ ಗ್ರಾಹಕರ ಕೆಲಸ ನಡೆಯುತ್ತಿರುವುದು ಪಕ್ಕದ್ದರಲ್ಲಲ್ಲ. ಪಿಐಡಿ ಫೈಲ್ ಖಾಲಿ ಇದ್ದರೂ ಅಕ್ಷರಗಳನ್ನು ಸಂಖ್ಯೆಯಾಗಿಸುವ ಏಟಾಯ್ ಹಾಕಿ ಓದುವವರದ್ದೂ ಇದೇ ಉಡಾಫೆ: ಬರುವುದು 0, ಸಿಗ್ನಲ್ ಹೋಗುವುದು ಸ್ವಂತ ಪ್ರೋಸೆಸ್ ಗುಂಪಿಗೇ.

ಸಂಖ್ಯೆ ಸೊನ್ನೆಗಿಂತ ದೊಡ್ಡದೇ ಎಂದು ನೋಡಲು ಒಂದು ಸಾಲು ಸಾಕು. 2019ರ 5.1 ಆವೃತ್ತಿಯಿಂದ ಲಿನಕ್ಸ್‌ನಲ್ಲಿ ಪ್ರೋಸೆಸನ್ನು ಸೂಚಿಸುವ ಫೈಲ್ ಡಿಸ್ಕ್ರಿಪ್ಟರ್ ಆದ ಪಿಐಡಿ-ಎಫ್‌ಡಿ ಮೂಲಕ ಸಿಗ್ನಲ್ ಕಳಿಸಬಹುದು. ಅಲ್ಲಿ -1 ಕೊಟ್ಟರೆ ಸಿಗುವುದು ಎರರ್ ಮಾತ್ರ. ಆ ಒಂದು ಸಾಲಿಲ್ಲದ ಪ್ಯಾಚ್ ಮುಂದೆ ಬಂದರೆ, ಬರೆದವರು ಎಷ್ಟೇ ಹಿರಿಯರಿರಲಿ, ರಿಲೀಸ್ ನಾಳೆಯೇ ಇರಲಿ, ಹಿಂದಕ್ಕೆ ಕಳಿಸಿ.