ಹೊಸ ಪಿಸ್ತೂಲಿನ ಹುಚ್ಚು ಮತ್ತು ನಾವು

ಅಮೆರಿಕದಲ್ಲಿ ಜನರಿಗಿಂತ ಬಂದೂಕುಗಳೇ ಹೆಚ್ಚು. 2018ರಲ್ಲಿ ಹೊರಬಂದ ಒಂದು ಅಂತರರಾಷ್ಟ್ರೀಯ ಲೆಕ್ಕದ ಪ್ರಕಾರ ಅಲ್ಲಿನ ಸಾಮಾನ್ಯ ಜನರ ಕೈಯಲ್ಲಿದ್ದದ್ದು ಸುಮಾರು 39 ಕೋಟಿ 30 ಲಕ್ಷ ಬಂದೂಕು. ಹಸುಗೂಸುಗಳನ್ನೂ ಸೇರಿಸಿ ತಲೆಗೊಂದು ಹಂಚಿದರೂ ನೂರು ಜನಕ್ಕೆ ಇಪ್ಪತ್ತು ಮಿಕ್ಕುತ್ತವೆ. ಪೊಲೀಸರದು, ಸೈನ್ಯದ್ದು ಬೇರೆ ಲೆಕ್ಕ. ಹಾಗಂತ ಎಲ್ಲರ ಮನೆಯಲ್ಲೂ ಬಂದೂಕು ಇದೆ ಅಂತಲ್ಲ. 2015ರಲ್ಲಿ ಹಾರ್ವರ್ಡ್ ಮತ್ತು ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು ನಡೆಸಿದ ಸಮೀಕ್ಷೆಯಲ್ಲಿ ದೇಶದ ವಯಸ್ಕರ ಪೈಕಿ ನೂರಕ್ಕೆ ಮೂರು ಜನರ ಹತ್ತಿರವೇ ಅರ್ಧದಷ್ಟು ಬಂದೂಕು ಇರುವುದು ಕಂಡುಬಂತು. ತಲಾ ಸರಾಸರಿ ಹದಿನೇಳು! ಇರುವುದು ಎರಡು ಕೈ, ಹದಿನೇಳು ತಗೊಂಡು ಏನು ಮಾಡ್ತಾನೆ? ಆದರೂ ಹೊಸ ಮಾದರಿಯ ಪಿಸ್ತೂಲು ಅಂಗಡಿಗೆ ಬಂತು ಅಂದರೆ ಹದಿನೆಂಟನೆಯದಕ್ಕೆ ಅವನ ಕೈ ತುರಿಸುತ್ತದೆ.

ಹಾಸ್ಟೆಲ್ ಗೆಳೆಯರ ಮುಂದೆ ಅಮೆರಿಕದ ಪುರಾಣ ಯಾಕೆ ಅಂತ ಕೇಳಬಹುದು. ನಮ್ಮ ಎಷ್ಟೋ ಕೋಣೆಗಳಲ್ಲಿ ಬಾಬಾಸಾಹೇಬರ ಪಟದ ಪಕ್ಕದಲ್ಲಿ ಇನ್ನೊಂದು ಪಟ ಇದೆ. ಬೆತ್ತದ ಕುರ್ಚಿಯ ಮೇಲೆ ಒಂದು ಕೈಲಿ ಬಂದೂಕು, ಇನ್ನೊಂದು ಕೈಲಿ ಈಟಿ ಹಿಡಿದು ಕೂತ ಹ್ಯೂ ನ್ಯೂಟನ್, ಬ್ಲ್ಯಾಕ್ ಪ್ಯಾಂಥರ್ ಪಕ್ಷವನ್ನು ಕಟ್ಟಿದವನು. ಪಟ ಹಾಕಿಕೊಳ್ಳುವುದು ಸರಿಯೇ. 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ್, ರಾಜಾ ಢಾಲೆ, ಜೆ.ವಿ. ಪವಾರ್ ಮುಂತಾದವರು ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದೂ ಅವರನ್ನು ನೋಡಿಯೇ. ಆದರೆ ಮೊಬೈಲಿನಲ್ಲಿ ಒಂದು ಕಡೆ ನಮ್ಮವರನ್ನು ಕಂಬಕ್ಕೆ ಕಟ್ಟಿ ಹೊಡೆಯುವ ಚಿತ್ರ, ಅದರ ಹಿಂದೆಯೇ ಸೊಂಟದಿಂದ ಪಿಸ್ತೂಲು ಸೆಳೆಯುವ ಸಿನಿಮಾ ಹೀರೋ. ಇವೆರಡನ್ನೂ ನೋಡಿದ ಹುಡುಗ ರಾತ್ರಿ ಹಾಸಿಗೆ ಮೇಲೆ ಮಲಗಿ, 'ನಮ್ಮ ಹತ್ತಿರಾನೂ ಒಂದು ಇದ್ದಿದ್ರೆ' ಅಂತಾನೆ. ಈ ಮಾತನ್ನು ನಗಾಡಿ ತಳ್ಳಿಹಾಕುವವರ ಜೊತೆ ನಾವಿಲ್ಲ. ಇದಕ್ಕೆ ಬೇರಿದೆ.

ಆಯುಧ ಯಾರ ಕೈಲಿರಬೇಕು, ಯಾರ ಕೈಲಿರಬಾರದು ಎನ್ನುವುದನ್ನು ಎಲ್ಲ ಕಾಲದಲ್ಲೂ ಆಳುವವರೇ ತೀರ್ಮಾನಿಸಿದ್ದಾರೆ. ಅಮೆರಿಕದಲ್ಲಿ ಗುಲಾಮಗಿರಿ ಮುಗಿದ 1865ರಲ್ಲೇ ಮಿಸಿಸಿಪ್ಪಿ ರಾಜ್ಯ ಕಾನೂನು ಮಾಡಿ, ಬಿಡುಗಡೆಯಾದ ಕಪ್ಪು ಜನ ಅನುಮತಿಯಿಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ ಅಂದಿತು. ಇಲ್ಲಿ 1878ರ ಆಯುಧ ಕಾಯ್ದೆ ಭಾರತೀಯರಿಗೆ ಲೈಸೆನ್ಸು ಕೇಳಿತು, ಯೂರೋಪಿಯನ್ನರಿಗೆ ವಿನಾಯ್ತಿ ಕೊಟ್ಟಿತು. ಬ್ರಿಟಿಷರು ಕಾಲಿಡುವ ಎಷ್ಟೋ ಮೊದಲೇ ನಮಗೆ ಈ ಕಾಯ್ದೆ ಮಾಡಿಟ್ಟಿದ್ದವರು ಬೇರೆ. ಚಾತುರ್ವರ್ಣ್ಯ ಕೆಳಗಿನವರಿಗೆ ಆಯುಧವನ್ನೂ ವಿದ್ಯೆಯನ್ನೂ ಒಟ್ಟಿಗೇ ನಿಷೇಧಿಸಿತು, ಅದರಿಂದಲೇ ಈ ದೇಶದಲ್ಲಿ ಕ್ರಾಂತಿ ಆಗಲಿಲ್ಲ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದ್ದಾರೆ. ಕಿತ್ತುಕೊಂಡದ್ದು ವಾಪಸ್ಸು ಬೇಕು ಅನ್ನಿಸುವುದರಲ್ಲಿ ತಪ್ಪೇನೂ ಇಲ್ಲ.

ಆದರೆ ಅಂಗಡಿಯವನು ಮಾರುತ್ತಿರುವುದು ಕಿತ್ತುಕೊಂಡ ಹಕ್ಕನ್ನಲ್ಲ. ಅವನು ಮಾರುವುದು ಭಯ. ಒಬಾಮ ಅಧ್ಯಕ್ಷನಾದ, ಇನ್ನು ಬಂದೂಕು ಕಿತ್ತುಕೊಳ್ತಾನೆ ಎಂಬ ಪುಕಾರು ಹುಟ್ಟಿತು, ವ್ಯಾಪಾರ ಏರಿತು. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಎಂಬಲ್ಲಿ ಶಾಲೆಗೆ ನುಗ್ಗಿದವನೊಬ್ಬ 20 ಮಕ್ಕಳನ್ನು ಕೊಂದ, ಕಾನೂನು ಬಿಗಿಯಾಗ್ತದೆ ಅಂತ ಮತ್ತೆ ಏರಿತು. ಮಕ್ಕಳು ಸತ್ತರೆ ವ್ಯಾಪಾರ ಏರುವ ಸರಕು ಜಗತ್ತಿನಲ್ಲಿ ಇನ್ನೊಂದಿದೆಯೇ? ಆಮೇಲೆ ಬಂದೂಕುದಾರರ ಗೆಳೆಯ ಟ್ರಂಪ್ ಗೆದ್ದ, ಭಯ ಇಳಿಯಿತು, ಗಿರಾಕಿಯೂ ಇಳಿದ. ಇನ್ನೂರು ವರ್ಷದ ರೆಮಿಂಗ್ಟನ್ ಕಂಪನಿ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. 2020ರಲ್ಲಿ ಕೊರೋನಾ ಬಂತು, ಜಾರ್ಜ್ ಫ್ಲಾಯ್ಡ್‌ನನ್ನು ಪೊಲೀಸನೊಬ್ಬ ಮೊಣಕಾಲಿನಿಂದ ತುಳಿದು ಕೊಂದ. ಆ ವರ್ಷ ಬಂದೂಕು ಖರೀದಿಗೆ ಸಂಬಂಧಿಸಿದಂತೆ ಎಫ್‌ಬಿಐ ನಡೆಸಿದ ಹಿನ್ನೆಲೆ ತಪಾಸಣೆಗಳೇ ಸುಮಾರು 3 ಕೋಟಿ 97 ಲಕ್ಷ. ಮೊದಲ ಆರು ತಿಂಗಳಲ್ಲಿ ಕಪ್ಪು ಜನರ ಖರೀದಿ ಹಿಂದಿನ ವರ್ಷಕ್ಕಿಂತ ನೂರಕ್ಕೆ 58ರಷ್ಟು ಹೆಚ್ಚಾಯಿತು ಅಂತ ಬಂದೂಕು ವ್ಯಾಪಾರಿಗಳ ಸಂಘವೇ ಹೇಳಿತು. ಬಿಳಿಯನಿಗೆ ಕರಿಯನ ಭಯ ತೋರಿಸಿ ಒಂದು, ಕರಿಯನಿಗೆ ಬಿಳಿಯನ ಭಯ ತೋರಿಸಿ ಇನ್ನೊಂದು. ಎರಡೂ ಕಡೆಯ ದುಡ್ಡು ಒಂದೇ ಗಲ್ಲಾಪೆಟ್ಟಿಗೆಗೆ.

ಪಿಸ್ತೂಲಿನಲ್ಲಿ ಇನ್ನೊಂದು ಮೋಸ ಇದೆ. ಕಾಡುಪ್ರಾಣಿ ಹೊಡೆಯುವವನಿಗೆ ಉದ್ದನೆಯ ಕೋವಿ ಬೇಕು, ಹೊಲ ಕಾಯುವವನಿಗೂ ಅದೇ. ಪಿಸ್ತೂಲು ಇರುವುದು ಮನುಷ್ಯನಿಗೇ, ಅದೂ ಹತ್ತಿರದ ಮನುಷ್ಯನಿಗೆ. ಹತ್ತಿರದ ಮನುಷ್ಯ ಯಾರು? ಹೆಂಡತಿ, ಅಣ್ಣ, ಪಕ್ಕದ ಮನೆಯವ, ಕೊನೆಗೆ ತಾನೇ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಇವರಲ್ಲಿ 26 ಸಾವಿರಕ್ಕೂ ಹೆಚ್ಚು ಜನರದ್ದು ಆತ್ಮಹತ್ಯೆ. ಕ್ಯಾಲಿಫೋರ್ನಿಯಾದ ಎರಡೂವರೆ ಕೋಟಿಗೂ ಹೆಚ್ಚು ಜನರ ದಾಖಲೆಗಳನ್ನು ಹನ್ನೆರಡು ವರ್ಷ ಹಿಂಬಾಲಿಸಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಪಿಸ್ತೂಲು, ರಿವಾಲ್ವರು ಇಟ್ಟುಕೊಂಡ ಗಂಡಸರು ಬಂದೂಕಿನಿಂದ ತಮ್ಮನ್ನು ತಾವೇ ಕೊಂದುಕೊಳ್ಳುವ ಸಂಭವ ಇಲ್ಲದವರಿಗಿಂತ ಎಂಟು ಪಟ್ಟು ಹತ್ತಿರ, ಹೆಂಗಸರಲ್ಲಿ ಮೂವತ್ತೈದು ಪಟ್ಟು. ಅಪಾಯ ಎಲ್ಲಕ್ಕಿಂತ ಹೆಚ್ಚಿದ್ದದ್ದು ಪಿಸ್ತೂಲು ಕೊಂಡ ತಕ್ಷಣದ ದಿನಗಳಲ್ಲಿ. ಹಾಸ್ಟೆಲಿನಲ್ಲಿ ಓದುವ ನಮ್ಮ ಹುಡುಗ ಹುಡುಗಿಯರು ಎಂಥೆಂಥಾ ರಾತ್ರಿಗಳನ್ನು ದಾಟಿ ಬರ್ತಾರೆ ಅಂತ ನಮಗೆ ಗೊತ್ತು. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲನನ್ನು ಕಳಕೊಂಡವರು ನಾವು. ಅಂಥ ಒಂದು ರಾತ್ರಿ ಟ್ರಂಕಿನೊಳಗೆ ಪಿಸ್ತೂಲು ಇದ್ದರೆ ಅದು ಮೊದಲು ಯಾರ ಕಡೆ ತಿರುಗುತ್ತದೆ, ನೀವೇ ಹೇಳಿ.

ಮಾರ್ಟಿನ್ ಲೂಥರ್ ಕಿಂಗ್ ಕೂಡ ಬಂದೂಕು ಇಟ್ಟುಕೊಂಡಿದ್ದವರು ಎಂದು ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದು. 1956ರ ಜನವರಿ 30ರಂದು ಮಾಂಟ್‌ಗೊಮೆರಿಯಲ್ಲಿ ಅವರ ಮನೆಗೆ ಬಾಂಬು ಬಿತ್ತು, ಒಳಗೆ ಹೆಂಡತಿ ಮತ್ತು ಎಳೆಯ ಕೂಸು. ಪಿಸ್ತೂಲು ಒಯ್ಯಲು ಅವರು ಅರ್ಜಿ ಹಾಕಿದರು, ಸಿಗಲಿಲ್ಲ. ಬಿಳಿಯರ ಆಫೀಸು, ಕರಿಯ ಪಾದ್ರಿಗೆ ಯಾಕೆ ಕೊಟ್ಟಾರು? ಆದರೂ ಆ ದಿನಗಳಲ್ಲಿ ಮನೆಯಲ್ಲಿ ಬಂದೂಕುಗಳಿದ್ದವು. ಬಂದ ಅತಿಥಿಯೊಬ್ಬ ಕುರ್ಚಿಯಲ್ಲಿ ಕೂರಲು ಹೋದಾಗ ಅಲ್ಲೇ ಪಿಸ್ತೂಲು ಇದೆ ಅಂತ ಇನ್ನೊಬ್ಬರು ಕೂಗಿ ಎಬ್ಬಿಸಬೇಕಾಯಿತಂತೆ. ಕೊನೆಗೆ ಗಂಡ ಹೆಂಡತಿ ಕೂತು ಮಾತಾಡಿ ಅದನ್ನು ಮನೆಯಿಂದ ಹೊರಹಾಕಿದರು. ಬಂದೂಕು ಮನೆಯಲ್ಲಿದ್ದಾಗಲೇ ತಾನು ಹೆಚ್ಚು ಹೆದರಿದ್ದೆ ಎಂಬರ್ಥದಲ್ಲಿ ಅವರು ಆಮೇಲೆ ಬರೆದರು. ಗಾಂಧಿ ಶಿಷ್ಯರ ಮಾತು ಅಂತ ಮೂಗು ಮುರಿಯಬೇಡಿ. ಅದು ಬಾಂಬು ತಿಂದ ಮನೆಯ ಯಜಮಾನನ ಮಾತು.

ಹಾಗಾದರೆ ಕೈಕಟ್ಟಿ ಕೂರಬೇಕೆ? ಇಲ್ಲ. 1964ರಲ್ಲಿ ಲೂಸಿಯಾನಾ ರಾಜ್ಯದ ಜೋನ್ಸ್‌ಬರೊ ಎಂಬ ಊರಿನಲ್ಲಿ ಕಪ್ಪು ಜನ ಆತ್ಮರಕ್ಷಣೆಗೆ ಒಂದು ದಳ ಕಟ್ಟಿದರು. ಡೀಕನ್ಸ್ ಅಂತ ಹೆಸರು. ಕು ಕ್ಲಕ್ಸ್ ಕ್ಲಾನ್ ಗೂಂಡಾಗಳು ರಾತ್ರಿ ಕೇರಿಗೆ ನುಗ್ಗದಂತೆ ಕಾವಲು ಕಾದರು, ಚಳವಳಿಗೆ ಬಂದ ಕಾರ್ಯಕರ್ತರನ್ನು ಕಾಪಾಡಿದರು. ಅಲ್ಲಿ ಬಂದೂಕಿಗಿಂತ ಮೊದಲು ಇದ್ದದ್ದು ಸಂಘ. ಯಾರು ಕಾಯಬೇಕು, ಯಾವಾಗ ಸುಮ್ಮನಿರಬೇಕು ಅನ್ನುವ ಶಿಸ್ತು. ಒಬ್ಬೊಬ್ಬನೇ ಅಂಗಡಿಗೆ ಹೋಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬರುವುದಕ್ಕೂ ಇದಕ್ಕೂ ಅಜಗಜಾಂತರ.

ಪ್ಯಾಂಥರುಗಳ ಕಥೆಯನ್ನೂ ಪೂರ್ತಿ ಓದಬೇಕು. 1966ರಲ್ಲಿ ಓಕ್ಲೆಂಡಿನಲ್ಲಿ ಪಕ್ಷ ಶುರುವಾದಾಗ ಬಂದೂಕಿಗೆ ಕಾಸಿರಲಿಲ್ಲ. ನ್ಯೂಟನ್, ಬಾಬಿ ಸೀಲ್ ಮತ್ತು ಸಂಗಡಿಗರು ಮಾವೋನ ಕೆಂಪು ಪುಸ್ತಕವನ್ನು ಸಗಟಿನಲ್ಲಿ ತಂದು ವಿಶ್ವವಿದ್ಯಾಲಯದ ಹುಡುಗರಿಗೆ ಒಂದು ಡಾಲರಿಗೆ ಮಾರಿದರು. (ಸಭೆಯಲ್ಲಿ ಪತ್ರಿಕೆ ಮಾರಿ ಗೊತ್ತಿರುವ ನಮಗೆ ಇದು ಖುಷಿಯ ಸುದ್ದಿ.) ಪೊಲೀಸರು ಕಪ್ಪು ಜನರನ್ನು ತಡೆದಲ್ಲಿ ದೂರ ನಿಂತು, ನ್ಯೂಟನ್ ಕಾನೂನು ಪುಸ್ತಕ ತೆಗೆದು ಹಕ್ಕುಗಳನ್ನು ಜೋರಾಗಿ ಓದುತ್ತಿದ್ದ. ಪಟದಲ್ಲಿ ಆ ಪುಸ್ತಕ ಕಾಣುವುದಿಲ್ಲ! 1967ರ ಮೇ 2ರಂದು ಅವರು ಬಂದೂಕು ಹಿಡಿದು ಶಾಸನಸಭೆಗೆ ಹೋದರು. ಮೂರೇ ತಿಂಗಳೊಳಗೆ ರೊನಾಲ್ಡ್ ರೇಗನ್, ಆಗಿನ ಗವರ್ನರ್, ತುಂಬಿದ ಬಂದೂಕನ್ನು ಬಹಿರಂಗವಾಗಿ ಒಯ್ಯುವುದನ್ನು ನಿಷೇಧಿಸುವ ಕಾನೂನಿಗೆ ಸಹಿ ಹಾಕಿದ. ಬಿಳಿಯನ ಸೊಂಟದಲ್ಲಿದ್ದಾಗ ಸ್ವಾತಂತ್ರ್ಯ, ಕರಿಯನ ಕೈಗೆ ಬಂದಾಗ ಅಪರಾಧ. 1969ರ ಡಿಸೆಂಬರ್ 4ರ ಬೆಳಗಿನ ಜಾವ ಶಿಕಾಗೊ ಪೊಲೀಸರು ಫ್ರೆಡ್ ಹ್ಯಾಂಪ್ಟನ್ ಮಲಗಿದ್ದ ಮನೆಗೆ ನುಗ್ಗಿದರು. ಪೊಲೀಸರ ಕಡೆಯಿಂದ ಎಂಬತ್ತಕ್ಕೂ ಹೆಚ್ಚು ಗುಂಡು, ಒಳಗಿನಿಂದ ಹಾರಿದ್ದು ಒಂದೇ ಅಂತ ತನಿಖೆಯಲ್ಲಿ ಕಂಡಿತು. ಮನೆಯಲ್ಲಿ ಬಂದೂಕುಗಳಿದ್ದವು. ಕಾಪಾಡಲಿಲ್ಲ. ಅವನಿಗೆ ಆಗ 21 ವರ್ಷ, ನಮ್ಮ ಹಾಸ್ಟೆಲಿನ ಡಿಗ್ರಿ ಹುಡುಗನ ವಯಸ್ಸು. ಅದೇ ವರ್ಷ ಪ್ಯಾಂಥರುಗಳು ಶಾಲೆಯ ಮಕ್ಕಳಿಗೆ ಬೆಳಗಿನ ತಿಂಡಿ ಕೊಡಲು ಶುರುಮಾಡಿದ್ದರು. ಎಫ್‌ಬಿಐ ಮುಖ್ಯಸ್ಥ ಹೂವರ್‌ಗೆ ಬಂದೂಕಿನಷ್ಟೇ ನಿದ್ದೆಗೆಡಿಸಿದ್ದು ಆ ತಿಂಡಿ ತಟ್ಟೆ.

ಲೈಸೆನ್ಸು ಇದ್ದರೆ ಸಾಕು ಅನ್ನುವವರಿಗೆ ಫಿಲಾಂಡೊ ಕ್ಯಾಸ್ಟೈಲ್‌ನ ಹೆಸರು ಹೇಳಬೇಕು. ಮಿನೆಸೋಟಾದ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಪರವಾನಗಿ ಇತ್ತು. 2016ರ ಜುಲೈನಲ್ಲಿ ಕಾರು ತಡೆದ ಪೊಲೀಸನಿಗೆ 'ನನ್ನ ಹತ್ತಿರ ಬಂದೂಕಿದೆ' ಅಂತ ಮರ್ಯಾದೆಯಿಂದ ತಾನೇ ತಿಳಿಸಿದ. ಏಳು ಗುಂಡು ಹಾರಿದವು. ಪೊಲೀಸನಿಗೆ ಮರುವರ್ಷ ಖುಲಾಸೆ.

ಈಗ ನಮ್ಮ ಕಡೆ ಬರೋಣ. ಇಲ್ಲಿ ಅಮೆರಿಕದಂತೆ ಅಂಗಡಿಗೆ ಹೋಗಿ ತರಲಾಗುವುದಿಲ್ಲ. ಲೈಸೆನ್ಸಿಲ್ಲದ ಪಿಸ್ತೂಲು ಸಿಕ್ಕಿದರೆ 2019ರ ತಿದ್ದುಪಡಿಯ ಮೇಲೆ ಕನಿಷ್ಠ ಎರಡು ವರ್ಷ ಜೈಲು. ದೌರ್ಜನ್ಯದ ಕೇಸು ಕೊಟ್ಟ ಕೇರಿಯ ಹುಡುಗನ ಬಳಿ ಅಂಥದೊಂದು ಸಿಗಲಿ ಅಂತ ಕಾಯುವವರು ಎಷ್ಟು ಜನ ಬೇಕು? ಗೌಡನ ಗೋಡೆಗೆ ನೇತುಹಾಕಿದ ಕೋವಿಗೆ ಮಾತ್ರ ಕಾಗದಪತ್ರ ಎಲ್ಲ ಸರಿಯಾಗಿರುತ್ತದೆ.

ಬಿಹಾರದ ಲಕ್ಷ್ಮಣಪುರ ಬಾಥೆಯಲ್ಲಿ 1997ರ ಡಿಸೆಂಬರ್ 1ರಂದು ರಣವೀರ ಸೇನೆಯವರು 58 ದಲಿತರನ್ನು ಗುಂಡಿಟ್ಟು ಕೊಂದರು. 2013ರಲ್ಲಿ ಪಾಟ್ನಾ ಹೈಕೋರ್ಟು 26 ಆರೋಪಿಗಳನ್ನೂ ಬಿಟ್ಟಿತು. ನಮ್ಮ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನರನ್ನು ಸುಡಲು ಬಂದೂಕೇ ಬೇಕಾಗಲಿಲ್ಲ. ಸಾಕ್ಷಿಗಳು ಪ್ರತಿಕೂಲವಾದರು, ಆರೋಪಿಗಳು ಹೊರಬಂದರು. ಆ ಸಾಕ್ಷಿಗಳಿಗೆ ಪಿಸ್ತೂಲು ಕೊಟ್ಟಿದ್ದರೆ ಕೋರ್ಟಿನಲ್ಲಿ ಬಾಯಿ ಬರುತ್ತಿತ್ತೆ? ಅವರ ಹೊಟ್ಟೆಪಾಡು ಇದ್ದದ್ದು ಅದೇ ಊರಿನಲ್ಲಿ, ದೊಡ್ಡವರ ಕಣ್ಣೆದುರಿನಲ್ಲಿ.

ಒಂದು ನಿಯಮ ಇದೆ. ಹಾಸ್ಟೆಲಿನ ಹುಡುಗರು ಬಾಯಿಪಾಠ ಮಾಡಬೇಕಾದ್ದು. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ ಮೂರನೆಯದು. ದೌರ್ಜನ್ಯ ನಡೆಯಬಹುದಾದ ಪ್ರದೇಶಗಳನ್ನು ಗುರುತಿಸಿ, ಅಲ್ಲಿ ಪರಿಶಿಷ್ಟರಲ್ಲದವರ, ಅವರ ನಂಟರ, ಆಳುಗಳ, ಗೆಳೆಯರ ಆಯುಧ ಲೈಸೆನ್ಸು ರದ್ದುಮಾಡಿ ಬಂದೂಕುಗಳನ್ನು ಸರ್ಕಾರದ ಶಸ್ತ್ರಾಗಾರದಲ್ಲಿ ಇಡಿಸಬೇಕು ಅನ್ನುತ್ತದೆ ಅದು. ಕಳ್ಳ ಬಂದೂಕುಗಳನ್ನು ಜಪ್ತಿ ಮಾಡಿ ಅನ್ನುತ್ತದೆ. ಅಗತ್ಯ ಕಂಡರೆ ಪರಿಶಿಷ್ಟರಿಗೆ ಲೈಸೆನ್ಸು ಕೊಡಿ ಅಂತಲೂ ಇದೆ, ಆದರೆ ಅದು ಬರುವುದು ಆಮೇಲೆ. ನಮಗೂ ಒಂದು ಕೊಡಿ ಅಂತ ಕ್ಯೂ ನಿಲ್ಲುವ ಮೊದಲು ಅವರದ್ದು ಇಳಿಸಿ ಅಂತ ಕೇಳೋಣ. ಆ ಕೇಳಿಕೆಗೆ ಸೊಂಟದಲ್ಲಿ ಏನೂ ಇರಬೇಕಾಗಿಲ್ಲ, ಕೈಲಿ ಅರ್ಜಿ ಇದ್ದರೆ ಆಯಿತು.

ಹದಿನೇಳನೆಯ ನಿಯಮದ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಕೆಳಗೆ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು, ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ನಿಮ್ಮ ಜಿಲ್ಲೆಯಲ್ಲಿ ಕೊನೆಯ ಸಲ ಯಾವಾಗ ಸೇರಿತು, ಮೂರನೆಯ ನಿಯಮದಡಿ ಇದುವರೆಗೆ ಎಷ್ಟು ಲೈಸೆನ್ಸು ರದ್ದಾಗಿವೆ, ಯಾವ ಯಾವ ಊರಿನವು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಬಂದ ಉತ್ತರವನ್ನು ಹಾಸ್ಟೆಲಿನ ನೋಟೀಸು ಬೋರ್ಡಿಗೆ ಅಂಟಿಸಿ, ಒಂದು ಪ್ರತಿ ನಮಗೂ ಕಳಿಸಿ.