ನೇತ್ರಾವತಿಯ ದಡದ ಆ ಬಾಲಿಕೆ



ಅಜ್ಜಂಪುರ, ತರೀಕೆರೆ, ಕಡೂರುಗಳಿಂದ ಚಾರ್ಮಾಡಿ ಘಾಟಿಯನ್ನಿಳಿದು ಧರ್ಮಸ್ಥಳಕ್ಕೆ ಹೋಗುವ ನಮ್ಮ ಸೀಮೆಯ ಯಾತ್ರಿಕರು ಮೀಯುವ ನೇತ್ರಾವತಿಯ ಸ್ನಾನಘಟ್ಟದ ಸಮೀಪದಲ್ಲಿಯೇ, 2012ರ ಅಕ್ಟೋಬರ್ 9ರ ಸಂಜೆ, ಉಜಿರೆಯ ಕಾಲೇಜಿನಿಂದ ಬಂದು ಬಸ್ಸಿಳಿದು ಮನೆಯತ್ತ ನಡೆದಿದ್ದ ಹದಿನೇಳು ವರ್ಷದ ಬಾಲಿಕೆಯು ಅಪಹೃತಳಾಗಿ, ಮರುದಿನ ಕಾಡಿನಲ್ಲಿ ಶವವಾಗಿ ದೊರೆತಳು. ಸ್ಥಳೀಯ ಪೊಲೀಸರು, ಸಿಐಡಿ, ತರುವಾಯ ಸಿಬಿಐ ಹೀಗೆ ಮೂರು ಕೈಗಳನ್ನು ದಾಟಿದ ಆ ಮೊಕದ್ದಮೆಯ ಏಕಮಾತ್ರ ಆರೋಪಿಯನ್ನು ಬೆಂಗಳೂರಿನ ವಿಶೇಷ ನ್ಯಾಯಾಲಯವು 2023ರ ಜೂನ್ 16ರಂದು ಖುಲಾಸೆಗೊಳಿಸಿತು. ಮರುವರ್ಷ ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅವನು ದಶಕಕ್ಕೂ ಮಿಕ್ಕಿ ಕಳಂಕವನ್ನು ಹೊತ್ತನು. ಕೊಂದವರಾರೆಂಬುದು ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ.

ಇಂಥ ಪ್ರಕರಣಗಳಲ್ಲಿ ಮೊದಲ ದಿನವೇ ಸರ್ವಸ್ವ. ಒದ್ದೆಬಟ್ಟೆಯನ್ನೂ ದೇಹದಿಂದ ತೆಗೆದ ಮಾದರಿಯನ್ನೂ ನೆರಳಿನಲ್ಲಿ ಒಣಗಿಸಿ, ಕಾಗದದ ಲಕೋಟೆಯಲ್ಲಿಟ್ಟು ಅರಗಿನ ಮೊಹರು ಹಾಕದಿದ್ದಲ್ಲಿ, ಅದಕ್ಕೆ ಬೂಷ್ಟು ಹಿಡಿದು ಡಿಎನ್‌ಎ ಕೆಡುವುದು. ಆಮೇಲೆ ಎಂಥ ನಿಪುಣನು ಬಂದರೂ ನಿಷ್ಪ್ರಯೋಜಕವೇ ಸರಿ. ಅಮೆರಿಕೆಯ ಇಂಡಿಯಾನಾದಲ್ಲಿ 1988ರಲ್ಲಿ ಅಪಹರಿಸಿ ಕೊಲ್ಲಲ್ಪಟ್ಟ ಎಂಟು ವರ್ಷದ ಬಾಲೆಯ ಹಂತಕನು ಮೂವತ್ತು ವರ್ಷಗಳ ಮೇಲೆ, 2018ರಲ್ಲಿ, ಸಿಕ್ಕಿಬಿದ್ದುದು ಜೋಪಾನವಾಗಿದ್ದ ಅಂಥ ಮಾದರಿಯಿಂದಲೇ.

ಮಕ್ಕಳ ರಕ್ಷಣೆಯ ಪೋಕ್ಸೊ ಕಾಯಿದೆ ಜಾರಿಗೆ ಬಂದುದು, ಹಾ, 2012ರ ನವೆಂಬರ್ 14ರಂದು, ನೇತ್ರಾವತಿಯ ದಡದ ಆ ಬಾಲಿಕೆ ಸತ್ತ ತಿಂಗಳೊಪ್ಪತ್ತಿನಲ್ಲಿ!

ಕೊಲೆಯ ಅಪರಾಧಕ್ಕೆ ಕಾಲಮಿತಿಯಿಲ್ಲ. ಕಾಲೇಜು ಮುಗಿಸಿ ಕಡೂರಿನಿಂದ ಬಸ್ಸಿನಲ್ಲಿ ಬಂದು, ಮುಸ್ಸಂಜೆಯಲ್ಲಿ ಅಡಕೆತೋಟಗಳ ನಡುವೆ ಒಂಟಿಯಾಗಿ ಹಳ್ಳಿಗೆ ನಡೆಯುವ ನಮ್ಮ ಹೆಣ್ಣುಮಕ್ಕಳ ತಾಯ್ತಂದೆಗಳ ಪರವಾಗಿ ನಾನು ಕೇಳುವುದಿಷ್ಟೆ: ಆ ಮೊಕದ್ದಮೆಯ ಸಾಕ್ಷ್ಯವಸ್ತುಗಳಲ್ಲಿ ಪರೀಕ್ಷೆಗೆ ಯೋಗ್ಯವಾದವು ಎಷ್ಟು ಉಳಿದಿವೆಯೆಂಬುದನ್ನು ಸರ್ಕಾರವು ಬಹಿರಂಗವಾಗಿ ತಿಳಿಸಲಿ, ತನಿಖೆಯಲ್ಲಿ ಲೋಪವೆಸಗಿದವರನ್ನು ಹೊಣೆಗಾರರನ್ನಾಗಿಸಲಿ.

ಇತಿ,
ಓದುಗನೊಬ್ಬ, ಅಜ್ಜಂಪುರ