ವಿಂಟೇಜ್ ಅಲ್ರೀ, ಮುಳುಗಡೆ ಬಾಗಿಲು

ಗೋಕರ್ಣದ ಕಡಲಂಚಿಗೆ ಗೆಳೆಯನೊಬ್ಬ ಪುಟ್ಟ ಕಾಟೇಜ್ ಮಾಡಿದ್ದಾನೆ. ಬಿಳಿ ಸುಣ್ಣ, ಬೆತ್ತದ ಕುರ್ಚಿ, ನಡುವೆ ಟೀಪಾಯಿ ಮಾಡಿ ಮಲಗಿಸಿದ ಹಳೇ ಸಾಗವಾನಿ ಬಾಗಿಲು. 'ವಿಂಟೇಜ್ ಪೀಸು, ನಿಮ್ಮ ಬಸವನ ಬಾಗೇವಾಡಿ ಕಡೇದೇ' ಅಂದ.

ವಿಂಟೇಜ್ ಅಂತ, ಮಣ್ಣು! ಆಲಮಟ್ಟಿ ಹಿನ್ನೀರಿಗೆ ಊರು ಬಿಡುವಾಗ ನಮ್ಮಜ್ಜ ಜಂತಿ, ಕಂಬ, ಬಾಗಿಲು ಬಿಚ್ಚಿ ಬಂಡಿಗೆ ಹೇರಿದ್ದ. ಪುನರ್ವಸತಿ ಕೇಂದ್ರದ ತಗಡಿನ ಮನೆಗೆ ಆ ಬಾಗಿಲು ಹಿಡಿಸಲೇ ಇಲ್ಲ. ವರ್ಷಗಟ್ಟಲೆ ಗೋಡೆಗೆ ಆನಿಸಿಟ್ಟು ಕಡೆಗೆ ಗುಜರಿಯವನಿಗೆ ಕೊಟ್ಟ. ಹಬ್ಬಕ್ಕೆ ಅವ್ವ ಕುಂಕುಮ ಹಚ್ತಿದ್ದ ಬಾಗಿಲದು. ಇಲ್ಲಿ ಬಿಯರ್ ಗ್ಲಾಸಿನ ಕಲೆ.

ಕೃಷ್ಣೆಯ ನೀರು ಇಂಡಿ, ಸಿಂದಗಿ ಹೊಲಗಳಿಗೂ ಬಂತು, ಬ್ಯಾಡ ಅನ್ನಲ್ಲ. ಆದ್ರ ಅಣೆಕಟ್ಟಿನ ಮಟ್ಟ 519.6ರಿಂದ 524.256 ಮೀಟರಿಗೆ ಏರಿದರೆ ಇನ್ನಷ್ಟು ಬಾಗಿಲು ಪೇಟೆಗೆ ಬರ್ತಾವು. ಕೊಳ್ಳೋರು ರೇಟಿನ ಜೊತೆ ಊರ ಹೆಸರೂ ಕೇಳ್ರಿ. ನನ್ನ ಗೆಳೆಯ ಕೇಳಿರಲಿಲ್ಲ.